ನಂಬರ್ ಇಳಿಸಿದ ನಾಲ್ಕು ಪ್ಲಗ್ಗುಗಳು

ಆ ನೀಲಿ ಸಿಲಿಂಡರು ಗೋಕಾಕದ ನನ್ನ ಗ್ಯಾರೇಜಿಗೆ ಬಂದದ್ದು ಗೋಣಿಚೀಲದಲ್ಲಿ ಸುತ್ತಿಕೊಂಡು. ಪುಣೆಯಲ್ಲಿ ಬೆಲ್ಲ ಇಳಿಸಿ ಮರಳಿದ ಲಾರಿಯ ಡ್ರೈವರು ಅದನ್ನು ಹೆಗಲ ಮೇಲೆ ಹೊತ್ತು ತಂದು, ‘ಸಾವ್ಕಾರ್ರು ಕಳಿಸ್ಯಾರ್ರಿ, ಸಾವಕಾಶ ಹಿಡೀರಿ’ ಎಂದು ನೆಲಕ್ಕಿಟ್ಟು ಹೋದ. ಸಾವಕಾಶ ಹಿಡಿಯುವ ಬುದ್ಧಿ ನನಗೆ ಅಂದೇ ಇದ್ದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸಾವ್ಕಾರ್ರು ಎಂದರೆ ರೈತರ ಬೆಲ್ಲವನ್ನು ದಲಾಲಿಗೆ ಮಾರಿಸಿಕೊಡುವ ನಮ್ಮೂರ ಅಡತಿ ಅಂಗಡಿಯವರು. ಜೈನರು; ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ನನಗಿಂತ ಐದಾರು ವರ್ಷ ಚಿಕ್ಕವರು. ಹೊತ್ತು ಮುಳುಗಿದ ಮೇಲೆ ಊಟ ಮಾಡದ, ಇರುವೆ ನೋಡಿ ಹೆಜ್ಜೆ ಇಡುವ ಮನುಷ್ಯ. ಕಾರಿನ ಸ್ಟೇರಿಂಗ್ ಹಿಡಿದರೆ ಮಾತ್ರ ಮೈಮೇಲೆ ದೇವರು ಬಂದಂತಾಗುತ್ತಿತ್ತು. ಹೆದ್ದಾರಿಯನ್ನು ನಾಲ್ಕು ಸಾಲಿಗೆ ಅಗಲ ಮಾಡಿದ ಹೊಸತರ ಮಾತು ಅದು. ಕೊಲ್ಲಾಪುರದ ಆಚೆ ಎಲ್ಲೋ ಹಳೆಯ ವಿಮಾನದ ಪಟ್ಟಿಯೊಂದರ ಮೇಲೆ ಕಾರುಗಳನ್ನು ಜೋಡಿ ಜೋಡಿಯಾಗಿ ನೆಟ್ಟಗೆ ಓಡಿಸುವ ಪಂದ್ಯ ಇಟ್ಟಿದ್ದರು. ಇವರಿಗೆ ತಮ್ಮ ಕಾರನ್ನು ಅಲ್ಲಿ ಓಡಿಸುವ ಹುಚ್ಚು ಹತ್ತಿತ್ತು.

‘ಮಿಸ್ತ್ರಿ, ಇದನ್ನ ಕೂಡ್ಸಿ ಕೊಡ್ರಿ. ಎಂಜಿನ್ ಮಾತ್ರ ಒಡೀಬಾರ್ದು ನೋಡ್ರಿ’ ಎಂದರು.

‘ಒಡದ್ರ?’

‘ಒಡದ್ರ ನಮ್ಮವ್ವಗ ನೀವ ಬಂದು ಹೇಳ್ರಿ.’

ಇಬ್ಬರೂ ನಕ್ಕೆವು.

ಸಿಲಿಂಡರಿನಲ್ಲಿದ್ದದ್ದು ನೈಟ್ರಸ್ ಎಂಬ ಅನಿಲ. ಅದು ತಾನೇ ಉರಿಯುವುದಿಲ್ಲ. ಎಂಜಿನ್ನಿನೊಳಗಿನ ಬೆಂಕಿಗೆ ಉಸಿರು ಹೆಚ್ಚು ಕೊಡುತ್ತದೆ. ಉಸಿರು ಹೆಚ್ಚಾದಾಗ ಅದೇ ಅಳತೆಗೆ ಪೆಟ್ರೋಲನ್ನೂ ಹೆಚ್ಚು ಸುರಿಯಬೇಕು. ಅನಿಲ ಬಿಡುವ ಗುಂಡಿಯನ್ನು ಒತ್ತಿದಷ್ಟು ಹೊತ್ತು ಕಾರಿಗೆ ಅರ್ಧ ಎಂಜಿನ್ ಹೆಚ್ಚಿಗೆ ಕೂಡಿಸಿದಂತೆ. ಪೆಟ್ರೋಲು ಕಡಿಮೆ ಬಿದ್ದರೆ ಒಳಗಿನ ಬಿಸಿ ಹದ್ದು ಮೀರಿ ಪಿಸ್ಟನ್ ಕರಗುತ್ತದೆ. ಕಿಡಿ ಹಾರಿಸುವ ಪ್ಲಗ್ ತಪ್ಪಾದರೂ ಅಷ್ಟೇ. ಈ ಎರಡು ದಾರಿಗಳನ್ನು ಓದುವವರು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ.

ಪೆಟ್ರೋಲಿನ ಕೆಲಸವನ್ನು ನಾನು ನನ್ನ ಗೆಳೆಯನಿಗೆ ಒಪ್ಪಿಸಿದೆ. ಮಸಗುಪ್ಪಿಯ ಕುರುಬರ ಮನೆಯವನು. ಮೂಡಲಗಿಯಲ್ಲಿ ಅವನದೊಂದು ಲೇಥ್, ಅಂದರೆ ಲೋಹ ಕಡೆಯುವ ಯಂತ್ರ, ಇತ್ತು. ನಾವಿಬ್ಬರೂ ಒಬ್ಬನೇ ಉಸ್ತಾದನ ಕೈಯಲ್ಲಿ ಪೆಟ್ಟು ತಿಂದು ಕಲಿತವರು. ಅವನು ಬುಷ್ ಎಂಬ ಲೋಹದ ಬಳೆಯನ್ನು ಬೆರಳ ತುದಿಯಲ್ಲಿ ಸವರಿ, ‘ಇನ್ನೊಂದು ಕೂದಲೆಳಿ ತಗೀಬೇಕು’ ಎಂದರೆ ಮೈಕ್ರೋಮೀಟರೂ ಅದನ್ನೇ ಹೇಳುತ್ತಿತ್ತು. ಅವನ ಬಲಗೈಯ ಮಾತನ್ನು ಈಗಲೇ ಹೇಳಿಬಿಡುತ್ತೇನೆ: ಆ ಕೈ ಈ ಕೆಲಸದಲ್ಲಿ ಸುಟ್ಟಿತು. ಯಾರಿಂದ ಸುಟ್ಟಿತು ಎಂಬುದನ್ನು ಬರೆದಿಡಲಿಕ್ಕೇ ನಾನು ಕುಳಿತಿದ್ದೇನೆ.

ಸಿಲಿಂಡರಿನ ಜೊತೆ ಪುಣೆಯಿಂದ ಬಂದ ಕಿಟ್ಟಿನ ಜೆಟ್ಟುಗಳು, ಅಂದರೆ ಪೆಟ್ರೋಲು ಚಿಮ್ಮುವ ಹಿತ್ತಾಳೆಯ ಸಣ್ಣ ತೂತಿನ ಮೊಳೆಗಳು, ನಮ್ಮ ಎಂಜಿನ್ನಿಗೆ ದೊಡ್ಡವಾದವು. ಗೆಳೆಯ ಹಿತ್ತಾಳೆ ಸಲಾಕೆ ಕಡೆದು, ಸೂಜಿಯಂಥ ಡ್ರಿಲ್ಲನ್ನು ಕೈಯಲ್ಲೇ ತಿರುವುತ್ತ ಹೊಸ ಜೆಟ್ ಮಾಡಿದ. ಅದಕ್ಕೇ ಒಂದು ದಿನ ಹಿಡಿಯಿತು. ಕೊಳವೆಗಳನ್ನು ಎಳೆದವನೂ ಅವನೇ. ಪ್ಲಗ್ಗು ಮತ್ತು ಟೈಮಿಂಗು, ಅಂದರೆ ಕಿಡಿ ಹಾರುವ ಹೊತ್ತು, ನನ್ನ ಪಾಲಿಗೆ ಉಳಿದವು.

ಮೊದಲ ಪರೀಕ್ಷೆಗೆ ಕಾರಿನಲ್ಲಿದ್ದ ಪ್ಲಗ್ಗುಗಳನ್ನೇ ಬಿಟ್ಟೆವು. ಅವುಗಳ ಎರಡು ಮೊನೆಗಳ ನಡುವಿನ ಗ್ಯಾಪು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಸಾವ್ಕಾರ್ರು ಗುಂಡಿ ಒತ್ತಿದ್ದೇ ಎಂಜಿನ್ ಮುಗ್ಗರಿಸಿ, ಕೆಮ್ಮಿ, ಢಬ್ ಎಂದು ಗಾಳಿಯ ಪೈಪನ್ನೇ ಕಳಚಿ ಬಿಸಾಕಿತು. ಕಾರಣ ತಿಳಿಯಲು ತಡವಾಗಲಿಲ್ಲ. ಒತ್ತಡ ಹೆಚ್ಚಿದಾಗ ಅಷ್ಟು ಅಗಲದ ಗ್ಯಾಪನ್ನು ಕಿಡಿ ದಾಟಲಾರದೆ ಆರುತ್ತದೆ. ಗ್ಯಾಪು ಇಳಿಸಬೇಕು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಗ್ಯಾಪಿಗೆ ಅಳತೆ ಎಂದರೆ ಮುರಿದ ಹ್ಯಾಕ್ಸಾ ಬ್ಲೇಡು. ಅದು ನಡುವೆ ಬಿಗಿಯಾಗಿ ಸರಿದರೆ ಆಯಿತು, ಸ್ಕೂಟರು ಓಡುತ್ತದೆ. ಇಲ್ಲಿ ಆ ಅಂದಾಜು ಸಾಲದು ಎಂದು ಗೆಳೆಯ ಉಕ್ಕಿನ ತಂತಿ ಹುಡುಕಿ, ಮಿಲಿಮೀಟರಿನ ಹತ್ತರಲ್ಲಿ ಏಳು ಪಾಲು ದಪ್ಪದ್ದನ್ನು ಅಳೆದು ಕತ್ತರಿಸಿ ಕೊಟ್ಟ. ಆ ತಂತಿಯ ಅಳತೆಗೆ ಗ್ಯಾಪು ಇಳಿಸಿದ ಮೇಲೆ ಕಾರು ಮೂರು ಎಣಿಸುವಷ್ಟು ಹೊತ್ತು ಬಾಣದಂತೆ ಹೋಯಿತು. ಸಾವ್ಕಾರ್ರು ಮಕ್ಕಳ ಹಾಗೆ ಚಪ್ಪಾಳೆ ಹೊಡೆದರು.

ನಾನು ಹೊಡೆಯಲಿಲ್ಲ. ಪ್ಲಗ್ಗು ಬಿಚ್ಚಿ, ಗಡಿಯಾರ ರಿಪೇರಿಯವನಿಂದ ತಂದ ಭೂತಗನ್ನಡಿಯಲ್ಲಿ ನೋಡಿದೆ. ಬಿಳಿಯ ಪಿಂಗಾಣಿಯ ಮೇಲೆ ಉಪ್ಪಿನ ಕಣದಂಥ ಹೊಳೆಯುವ ಚುಕ್ಕೆಗಳು. ಮೇಲಿನ ಕೊಂಡಿಯ ಲೋಹ ಬುಡದವರೆಗೂ ನೀಲಿಗಟ್ಟಿತ್ತು. ಮೂರು ಎಣಿಕೆಗೇ ಇಷ್ಟಾದರೆ ಹತ್ತು ಎಣಿಕೆಗೆ ಪ್ಲಗ್ಗಿನ ತುದಿ ಕೆಂಡವಾಗಿ, ಕಿಡಿಗೂ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಕಿಟ್ಟಿನ ಪುಸ್ತಕವನ್ನು ಸಾವ್ಕಾರ್ರು ಓದಿ ಹೇಳಿದ್ದರಲ್ಲಿಯೂ ಅದೇ ಇತ್ತು: ಮೂಲದ್ದಕ್ಕಿಂತ ಎರಡು ಮೆಟ್ಟಿಲು ತಂಪಾದ ಪ್ಲಗ್ ಹಾಕಬೇಕು. ತಂಪು ಪ್ಲಗ್ ಎಂದರೆ ತುದಿಯ ಬಿಸಿಯನ್ನು ಬೇಗ ಎಂಜಿನ್ನಿನ ಮುಚ್ಚಳಕ್ಕೆ, ಅಂದರೆ ಹೆಡ್ಡಿಗೆ, ಸಾಗಿಸುವಂಥದು.

ತಂಪು ಪ್ಲಗ್ಗನ್ನು ಗುರುತಿಸುವುದು ಹೇಗೆ? ನಮ್ಮ ಉಸ್ತಾದ ಒಂದೇ ಮಾತು ಹೇಳಿಕೊಟ್ಟಿದ್ದ: ‘ನಂಬರ್ ಇಳದ್ರ ಪ್ಲಗ್ ತಂಪು.’ ಗೋಕಾಕದಲ್ಲಿ ಆಗ ಸಿಗುತ್ತಿದ್ದದ್ದು ಒಂದೇ ಕಂಪನಿಯ ಪ್ಲಗ್ಗು. ಅದರ ಲೆಕ್ಕ ಹಾಗೆಯೇ ಇತ್ತು. ಏಳು ಬಿಸಿ, ಐದು ತಂಪು. ಇಪ್ಪತ್ತು ವರ್ಷ ಆ ಮಾತು ನನ್ನನ್ನು ಒಮ್ಮೆಯೂ ಮೋಸ ಮಾಡಿರಲಿಲ್ಲ.

ಗೋಕಾಕದಲ್ಲಿ ಬೇಕಾದ ನಂಬರ್ ಸಿಗಲಿಲ್ಲ. ಬಸ್ಸು ಹತ್ತಿ ಸಂಕೇಶ್ವರಕ್ಕೆ ಹೋದೆ. ಅಲ್ಲಿನ ಬಿಡಿಭಾಗಗಳ ಅಂಗಡಿಯ ಕಾಕಾ ಕಾರಿನ ಹೆಸರು ಕೇಳಿ ಹೊರದೇಶದ ಇನ್ನೊಂದು ಕಂಪನಿಯ ಡಬ್ಬಿಗಳನ್ನು ಮುಂದಿಟ್ಟರು.

‘ಈ ಗಾಡಿಗೆ ಇದ್ರಾಗ ಆರು ನಂಬರ್ ಬರ್ತೈತ್ರಿ.’

‘ಗೊತ್ತೈತಿ ಕಾಕಾ. ನನಗ ನಾಕ ನಂಬರಿಂದು ಕೊಡ್ರಿ.’

‘ನಾಕಾ?’ ಕಾಕಾ ಕನ್ನಡಕದ ಮೇಲಿನಿಂದ ನೋಡಿದರು. ‘ಇದನ್ನ ಯಾರೂ ಒಯ್ಯಂಗಿಲ್ಲ. ಧೂಳ ಹಿಡದ್ ಬಿದ್ದಾವ. ನಾಕಽ ಬೇಕು, ಖರೇನ?’

‘ಕಾಕಾ, ನೀವು ಡಬ್ಬಿ ಮಾರ್ರಿ. ಹಚ್ಚೂದು ನನಗ ಬಿಡ್ರಿ.’

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಆ ನಗೆ ನನಗೆ ಸಿಹಿಯಾಗಿ ಕಂಡಿತು. ಕಾಕಾ ಧೂಳು ಒರೆಸಿ ನಾಲ್ಕು ಡಬ್ಬಿ ಕಟ್ಟಿಕೊಟ್ಟರು.

ಮರುದಿನ ಮಧ್ಯಾಹ್ನವೆಲ್ಲ ಆ ನಾಲ್ಕಕ್ಕೆ ಗ್ಯಾಪು ಇಡುವುದರಲ್ಲೇ ಕಳೆಯಿತು. ಹೊಡೆದು ಬಗ್ಗಿಸಿದರೆ ನಡುವಿನ ಪಿಂಗಾಣಿ ಸೀಳುತ್ತದೆ; ಹಾಗಾಗಿ ಕೊಂಡಿಯನ್ನು ಸಣ್ಣ ಇಕ್ಕಳದಲ್ಲಿ ಹಿಡಿದು ತುಸು ತುಸುವಾಗಿ ತಗ್ಗಿಸಿದೆ. ಕೊಂಡಿ ಓರೆಯಾಗದೆ ನಡುವಿನ ಮೊನೆಯ ಮೇಲೆ ಚಪ್ಪಟೆಯಾಗಿ ಕೂರಬೇಕು. ಚೂಪು ಅಂಚು ಉಳಿದರೆ ಅದೇ ಕೆಂಡವಾಗುತ್ತದೆಂದು ಸಣ್ಣ ಅರದಲ್ಲಿ ಉಜ್ಜಿದೆ. ತಂತಿಯನ್ನು ಹಾಕಿ ನೋಡುವುದು, ತೆಗೆಯುವುದು, ಮತ್ತೆ ಹಾಕುವುದು. ಸುಮಾರು ಎರಡು ತಾಸು ಆ ಪ್ಲಗ್ಗುಗಳ ಬಾಯಿಯಲ್ಲೇ ಕಣ್ಣಿಟ್ಟು ಕುಳಿತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನನ್ನ ಮೂಗಿನ ಕೆಳಗೇ ಇದ್ದದ್ದು ನನಗೆ ಕಾಣಲಿಲ್ಲ.

ಪರೀಕ್ಷೆಯ ದಿನ ಮುಂಜಾನೆ ಚಳಿ ಇತ್ತು. ಕೀಲಿ ತಿರುವಿದ್ದೇ ಎಂಜಿನ್ ಅರ್ಧ ಸುತ್ತಿಗೇ ಹೊತ್ತಿಕೊಂಡಿತು. ನಾನು ಮೀಸೆಯಲ್ಲೇ ನಕ್ಕೆ. ಗೆಳೆಯ ಮಾತ್ರ ತಲೆ ಕೆರೆದುಕೊಂಡ.

‘ಏನೋ, ತಂಪ ಪ್ಲಗ್ ಹಾಕೀನಂದಿ. ಇಂಥಾ ಥಂಡ್ಯಾಗ ಒಂದೀಟು ತಕರಾರು ಮಾಡಬೇಕಿತ್ತಲ್ಲೋ ಇದು?’

‘ನಿನ್ನಂಗ ಅನ್ಕೊಂಡಿಯೇನ, ಮುಂಜಾನಿ ಎದ್ದ ಕೂಡ್ಲೆ ತಕರಾರು ಮಾಡಾಕ? ನೀ ನಿನ್ನ ಜೆಟ್ ನೋಡ್ಕೋ’ ಎಂದೆ. ಅವನು ನಕ್ಕು ಜೆಟ್ಟಿನ ಕಡೆ ಬಗ್ಗಿದ. ನಿಜವಾಗಿ ತಂಪು ಪ್ಲಗ್ಗು ಚಳಿಯಲ್ಲಿ ಮಸಿ ಹಿಡಿದು ಮೊಂಡುತನ ಮಾಡುತ್ತದೆ. ಅವನಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು. ಕೇಳಿಸಿಕೊಳ್ಳುವ ಮನಸ್ಸು ಇರಲಿಲ್ಲ, ಅಷ್ಟೇ.

ಹತ್ತರಗಿಯ ಹತ್ತಿರ ಹೆದ್ದಾರಿ ನೆಟ್ಟಗೆ, ಸಪಾಟಾಗಿ ಇದೆ. ಆ ಹೊತ್ತಿಗೆ ವಾಹನ ಕಡಿಮೆ. ಸಾವ್ಕಾರ್ರು ಸ್ಟೇರಿಂಗಿಗೆ, ಗೆಳೆಯ ಬಾಜೂ ಸೀಟಿಗೆ. ನಾನು ಮುಂದೆ ಹೋಗಿ ರಸ್ತೆಯಂಚಿನಲ್ಲಿ ಕೆಂಪು ಬಟ್ಟೆ ಹಿಡಿದು ನಿಂತೆ. ನನ್ನನ್ನು ದಾಟುವವರೆಗೆ ಗುಂಡಿ ಒತ್ತಬೇಕು ಎಂಬುದು ಮಾತು. ದೂರದಲ್ಲಿ ಕಾರು ಹೊರಟಿತು. ಗುಂಡಿ ಒತ್ತಿದ್ದು ಸದ್ದಿನಲ್ಲೇ ತಿಳಿಯಿತು. ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಆರಕ್ಕೆ ಸದ್ದು ಕೆಟ್ಟಿತು. ಡಬ್ಬಿಯೊಳಗೆ ಹರಳು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಎಂದಿತು. ನಾನು ಬಟ್ಟೆ ಬೀಸುವ ಮೊದಲೇ ದೊಡ್ಡ ಸದ್ದಾಗಿ ಕಾರಿನ ಹಿಂದೆ ನೀಲಿ ಹೊಗೆ ಎದ್ದಿತು.

ಕಾರು ನನ್ನನ್ನು ದಾಟಿ ಇನ್ನೂರು ಗಜ ಉರುಳಿ ನಿಂತಿತು. ಓಡಿದೆ. ನಾನು ಹೇಳಿಕೊಟ್ಟಿದ್ದಂತೆ ಸಾವ್ಕಾರ್ರು ಹಿಂದಕ್ಕೆ ಹೋಗಿ ಸಿಲಿಂಡರಿನ ವಾಲ್ವು ತಿರುವಿದರು. ಗೆಳೆಯ ಮುಂದಕ್ಕೆ ಹೋಗಿ ಬಾನೆಟ್ಟಿಗೆ ಕೈ ಹಾಕಿದ.

‘ಬ್ಯಾಡೋ! ತಗೀಬ್ಯಾಡ!’ ಎಂದು ಕೂಗಿದೆ.

ಅವನು ತೆಗೆದ. ತನ್ನ ಪೆಟ್ರೋಲ್ ಕೊಳವೆಯೇ ಕಳಚಿದೆ ಎಂದು ಅವನ ತಲೆಯಲ್ಲಿ. ಅದನ್ನು ಹಿಸುಕಿ ಹಿಡಿಯಲು ಬಲಗೈ ಒಳಗೆ ಚಾಚಿದ. ಕರಗಿದ ಪಿಸ್ಟನ್ನಿನ ತೂತಿನಿಂದ ಒತ್ತಡ ಕೆಳಗಿಳಿದು ಆಯಿಲ್ಲನ್ನೆಲ್ಲ ಹೊರಗೆ ಉಗುಳಿಸಿತ್ತು; ಅದು ಕಾದ ಸೈಲೆನ್ಸರ್ ಪೈಪಿನ ಮೇಲೆ ಹೊಗೆಯಾಡುತ್ತಿತ್ತು. ಗಾಳಿ ಸಿಕ್ಕಿದ್ದೇ ಭಗ್ಗೆಂದಿತು. ನಾನು ತಲುಪಿದಾಗ ಅವನು ಕೈಯನ್ನು ಎದೆಗೆ ಅವುಚಿಕೊಂಡು ರಸ್ತೆಯ ಮೇಲೆ ಕುಳಿತಿದ್ದ. ಅಂಗಿಯ ತೋಳು ಚರ್ಮಕ್ಕೆ ಅಂಟಿತ್ತು. ಅವನು ಕೂಗಲಿಲ್ಲ. ‘ಜೆಟ್ ಸಣ್ಣ ಆತೇನೋ, ಜೆಟ್ ಸಣ್ಣ ಆತೇನೋ’ ಎಂದು ಅದನ್ನೇ ಹೇಳುತ್ತಿದ್ದ.

ಅವನನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದೆವು. ಕಾರನ್ನು ಗ್ಯಾರೇಜಿಗೆ ಎಳೆದು ತಂದರು. ಸಾವ್ಕಾರ್ರು ಪುಣೆಯ ಕಿಟ್ಟಿನವನಿಗೆ ಫೋನು ಮಾಡಿದರು. ಅವನು ಕಣ್ಣಿಂದ ನೋಡದೆ, ಪೆಟ್ರೋಲು ಕಡಿಮೆ ಬಿದ್ದಿದೆ, ಕೈಯಿಂದ ಕೊರೆದ ಜೆಟ್ಟು ಯಾಕೆ ಹಾಕಿದಿರಿ ಎಂದು ಬೈದನಂತೆ. ಸಂಜೆಯೊಳಗೆ ಗೋಕಾಕದ ಗ್ಯಾರೇಜುಗಳೆಲ್ಲ ಅದೇ ತೀರ್ಪು ಕೊಟ್ಟವು: ಮೂಡಲಗಿಯವನ ಕೈ ತಪ್ಪಿತು.

ಮರುದಿನ ಹೆಡ್ ಬಿಚ್ಚಿದೆ. ಮೂರನೆಯ ಪಿಸ್ಟನ್ನಿನ ನಟ್ಟನಡುವೆ ನಾಲ್ಕಾಣೆ ತೂರುವಷ್ಟು ತೂತು. ಮೊದಲು ಜೆಟ್ಟನ್ನು ತೆಗೆದು ತೊಳೆದೆ. ಗೆಳೆಯ ಕೊರೆಯಲು ಬಳಸಿದ ಡ್ರಿಲ್ಲು ನನ್ನ ಬಳಿಯೇ ಉಳಿದಿತ್ತು. ಅದರ ಹಿಂಬದಿಯನ್ನು ತೂತಿಗೆ ಇಳಿಸಿದೆ. ಬಿಗಿಯಾಗಿ, ನುಣುಪಾಗಿ ಇಳಿಯಿತು. ಪೆಟ್ರೋಲು ಸೋಸುವ ಜಾಳಿಗೆ ನೋಡಿದೆ, ಕಸವಿರಲಿಲ್ಲ. ಪಂಪಿನ ಒತ್ತಡ ನೋಡಿದೆ, ಸರಿಯಿತ್ತು. ಟೈಮಿಂಗು ಇಟ್ಟಲ್ಲೇ ಇತ್ತು. ಉಳಿದದ್ದು ಪ್ಲಗ್ಗು.

ಮೂರನೆಯ ಪ್ಲಗ್ಗಿನ ಕೊಂಡಿ ಮೇಣದಂತೆ ಕರಗಿ ಹೋಗಿತ್ತು. ಉಳಿದ ಮೂರರ ಪಿಂಗಾಣಿಯ ಮೇಲೆ ಬೊಕ್ಕೆ ಎದ್ದಿದ್ದವು. ಅವುಗಳಲ್ಲೊಂದನ್ನು ಹಳೆಯ ಪ್ಲಗ್ಗಿನ ಪಕ್ಕದಲ್ಲಿಟ್ಟು ಬಾಯಿಯೊಳಗೆ ನೋಡಿದೆ. ತಂಪು ಪ್ಲಗ್ಗಿನಲ್ಲಿ ಪಿಂಗಾಣಿಯ ಮೂಗು ಮೋಟಾಗಿರುತ್ತದೆ. ಇದರ ಮೂಗು ಹಳೆಯದಕ್ಕಿಂತ ಉದ್ದ, ಆಳವಾಗಿ ಒಳಗೆ ಇಳಿದಿತ್ತು. ಎರಡು ತಾಸು ಕಣ್ಣಿಟ್ಟು ಕುಳಿತವನು ಗ್ಯಾಪು ನೋಡಿದ್ದೆ, ಇದನ್ನು ನೋಡಿರಲಿಲ್ಲ.

ಅವತ್ತೇ ಸಂಕೇಶ್ವರಕ್ಕೆ ಹೋದೆ. ಸುಮ್ಮನೆ ಕೇಳುವವನಂತೆ, ‘ಕಾಕಾ, ಈ ಕಂಪನಿಯಾಂವ್ರದು ನಂಬರ್ ಹೆಂಗ್ರಿ?’ ಎಂದೆ.

‘ಇವ್ರದು ಉಲ್ಟಾ ರೀ. ನಂಬರ್ ಏರಿದಂಗ ತಂಪು. ರೇಸಿನ ಗಾಡಿಗೆ ಎಂಟು ಹಾಕ್ತಾರ.’ ಗೋಡೆಯ ಮೇಲಿನ ನಂಬರುಗಳ ತಖ್ತೆ ತೋರಿಸಿದರು. ಆಮೇಲೆ, ‘ಅವತ್ತ ಒಯ್ದ ನಾಕು ಯಾವುದಕ್ಕ ಹಚ್ಚಿದ್ರಿ?’ ಎಂದರು.

‘ಬ್ಯಾರೆ ಗಾಡಿಗೆ’ ಎಂದೆ. ಅವರು ಸಹಜವಾಗಿ ಕೇಳಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಪಾಡಾಯಿತು ನನ್ನದು.

ಎರಡು ದಿನ ಬಿಟ್ಟು ಬೆಳಗಾವಿಗೆ ಹೋದೆ. ಹೇಳಬೇಕೆಂದೇ ಹೊರಟಿದ್ದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಗೆಳೆಯನ ಬಲಗೈ ಮೊಣಕೈಯವರೆಗೆ ಬಿಳಿ ಬಟ್ಟೆಯಲ್ಲಿತ್ತು. ನನ್ನನ್ನು ನೋಡಿ ಎದ್ದು ಕುಳಿತ. ನಾನು ಬಾಯಿ ತೆರೆಯುವ ಮೊದಲೇ ಎಡಗೈಯನ್ನು ಆ ಬಟ್ಟೆಯ ಗಂಟಿಗೆ ತಂದು ಹಚ್ಚಿ ಕೈ ಮುಗಿದ.

‘ತಪ್ಪಾತೋ. ನನ್ನ ಜೆಟ್ಟಿಂದ ನಿನ್ನ ಗ್ಯಾರೇಜಿನ ಹೆಸರಿಗೂ ಮಸಿ ಹತ್ತಿತು. ಸಾವ್ಕಾರ್ರಿಗೆ ಮಾರಿ ಹೆಂಗ ತೋರಸ್ಲಿ?’

ಆಗ ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯಬೇಕು. ಅವನ ಭುಜ ತಟ್ಟಿ, ‘ಇರ್ಲಿ ಬಿಡು, ಆಗೂದು ಆತು’ ಎಂದೆ. ನನ್ನ ತಪ್ಪಿಗೆ ಅವನನ್ನು ಕ್ಷಮಿಸಿ, ತಂದಿದ್ದ ಮೋಸಂಬಿ ಸುಲಿದುಕೊಟ್ಟು ಬಂದೆ.

ಹೆದರಿದ್ದೆ. ಗ್ಯಾರೇಜಿನ ಹೆಸರು ಹೋಗುತ್ತದೆ ಎಂದು ಹೆದರಿದ್ದೆ. ಪ್ಲಗ್ಗಿನ ನಂಬರ್ ತಿಳಿಯದ ಮಿಸ್ತ್ರಿ ಎಂದು ಪೇಟೆಯವರು ಆಡಿಕೊಳ್ಳುತ್ತಾರೆ ಎಂದು ಹೆದರಿದ್ದೆ. ಮೂರು ವಾರ ಹಾಗೇ ಕಳೆದೆ. ಸಾವ್ಕಾರ್ರು ಪಂದ್ಯದ ಆಸೆ ಬಿಟ್ಟರು. ಆಸ್ಪತ್ರೆಯ ಖರ್ಚನ್ನು ಅವರೇ ನೋಡಿಕೊಂಡರು. ಗೆಳೆಯನ ಬಗ್ಗೆ ಒಂದು ಕೆಟ್ಟ ಮಾತು ಅವರ ಬಾಯಿಂದ ಬರಲಿಲ್ಲ. ಒಳ್ಳೆಯ ಮಾತೂ ಬರಲಿಲ್ಲ. ನನ್ನ ಮುಂದೆ ‘ಪಾಪ’ ಎನ್ನುತ್ತಿದ್ದರು, ಅಷ್ಟೇ. ಆ ಒಂದು ಶಬ್ದ ಕೇಳಿದಾಗಲೆಲ್ಲ ನಾನು ನಟ್ಟು ಬಿಗಿಯುವ ಪಾನಾ ಹುಡುಕುವ ನೆಪದಲ್ಲಿ ಬಗ್ಗುತ್ತಿದ್ದೆ.

ಒಂದು ದಿನ ಮೂಡಲಗಿಯಿಂದ ಟ್ರ್ಯಾಕ್ಟರಿನ ಬುಷ್ ಮಾಡಿಸಲು ರೈತರೊಬ್ಬರು ಗೋಕಾಕಕ್ಕೆ ಬಂದಿದ್ದರು. ನಿಮ್ಮೂರಲ್ಲೇ ಲೇಥ್ ಇದೆಯಲ್ಲ ಎಂದೆ.

‘ಎಲ್ಲೈತ್ರಿ? ಬಾಗಲಾ ಮುಚ್ಚ್ಯಾನ. ಕೈ ಮಾಯ್ದ ಮ್ಯಾಗ ಮಾಡಿಕೊಡು, ತಡೀತೀನಿ ಅಂದೆ. ನನ್ನ ಅಳತಿ ಹೋಗೇತ್ರಿ, ಒಬ್ಬರ ಎಂಜಿನ್ ಸುಟ್ಟೀನಿ, ನಿಮ್ಮದೂ ಸುಡ್ಲೇನು ಅಂತಾನ. ಲೇಥ್ ಮಾರಾಕ ನಿಂತಾನ.’

ಕೈ ಸುಟ್ಟದ್ದು ನನ್ನ ಪ್ಲಗ್ಗಿನಿಂದ. ಅಳತೆ ಹೋಯಿತು ಎಂದು ಅವನು ನಂಬಿದ್ದು ನನ್ನ ಮೌನದಿಂದ. ಮೊದಲನೆಯದನ್ನು ತಿಳಿಯದೆ ಮಾಡಿದ್ದೆ. ಎರಡನೆಯದನ್ನು ದಿನವೂ ತಿಳಿದು ಮಾಡುತ್ತಿದ್ದೆ. ಆ ಜೆಟ್ಟು, ಆ ಡ್ರಿಲ್ಲು, ಸುಟ್ಟ ಒಂದು ಪ್ಲಗ್ಗು, ಹಳೆಯ ಒಂದು ಪ್ಲಗ್ಗು ಬಟ್ಟೆಯಲ್ಲಿ ಕಟ್ಟಿಕೊಂಡು ಬಾಗಿಲು ಹಾಕಿ ಬಸ್ಸು ಹತ್ತಿದೆ.

ಮಸಗುಪ್ಪಿಯಲ್ಲಿ ಅವನ ಮನೆ ಊರಿನ ಅಂಚಿಗೆ. ಹಿತ್ತಲಲ್ಲಿ ಕುರಿಹಟ್ಟಿ. ಅವನು ಕಟ್ಟೆಯ ಮೇಲೆ ಕುಳಿತಿದ್ದ. ಕೈಯ ಬಟ್ಟೆ ಬಿಚ್ಚಿದ್ದರು. ಚರ್ಮ ಗುಲಾಬಿ ಬಣ್ಣಕ್ಕೆ ಬಿಗಿದು, ಬೆರಳುಗಳು ಅರ್ಧ ಚಾಚಿದಂತೆಯೇ ನಿಂತಿದ್ದವು. ಅವನ ಹೆಂಡತಿ ನನಗೆ ನೀರು ಕೊಟ್ಟು, ‘ನೀವರ ಹೇಳ್ರಿ ಅಣ್ಣಾರ. ದಿನಾ ಬೆರಳ ಮಡಚರಿ, ಇಲ್ಲಾಂದ್ರ ಹಿಂಗ ಸೆಟದ್ ಹೊಕ್ಕಾವು ಅಂತ ಡಾಕ್ಟರ್ ಹೇಳ್ಯಾರ. ಇವ್ರು ಮಡಚವಲ್ರು’ ಎಂದಳು.

‘ಯಾತಕ್ಕ ಮಡಚೂದು?’ ಎಂದ ಅವನು.

ನಾನು ಬಟ್ಟೆ ಬಿಚ್ಚಿ ಎರಡು ಪ್ಲಗ್ಗನ್ನೂ ಅವನ ಮುಂದಿಟ್ಟೆ. ಉಸ್ತಾದನ ಮಾತು, ಸಂಕೇಶ್ವರದ ಕಾಕಾ, ಉಲ್ಟಾ ನಂಬರು, ಎಲ್ಲವನ್ನೂ ಹೇಳಿದೆ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವನು ಎಡಗೈಯಲ್ಲಿ ಒಂದೊಂದೇ ಪ್ಲಗ್ಗನ್ನು ಎತ್ತಿ ಬಿಸಿಲಿಗೆ ಹಿಡಿದು ಬಾಯಿಯೊಳಗೆ ನೋಡಿದ. ನನಗೆ ಎರಡು ತಾಸು ಕಾಣದ್ದು ಅವನಿಗೆ ಒಂದು ಕ್ಷಣದಲ್ಲಿ ಕಂಡಿತು.

‘ಹಂಗಾದ್ರ ನನ್ನ ಜೆಟ್ಟು?’

‘ಸರಿ ಇತ್ತು. ಇಕಾ, ಜೆಟ್ಟೂ ತಂದೀನಿ, ಡ್ರಿಲ್ಲೂ ತಂದೀನಿ. ನೀನಽ ಇಳಿಸಿ ನೋಡು.’

ಅವನು ಜೆಟ್ಟನ್ನು ಮೊಣಕಾಲುಗಳ ನಡುವೆ ಹಿಡಿದು, ಎಡಗೈಯಿಂದ ಡ್ರಿಲ್ಲನ್ನು ಇಳಿಸಿದ. ತೆಗೆದ. ಮತ್ತೆ ಇಳಿಸಿದ. ‘ಸರಿ ಐತಿ’ ಎಂದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಆಮೇಲೆ ಕೇಳಿದ:

‘ಇದನ್ನ ನೀ ಅಳದಿದ್ದು ಯಾವಾಗ?’

‘ಎರಡ್ನೇ ದಿನ.’

‘ಅಂದ್ರ ನೀ ದವಾಖಾನಿಗೆ ಬರೂಕಿಂತ ಮೊದಲ.’

‘ಮೊದಲ.’

ಅವನು ತಲೆ ತಗ್ಗಿಸಿ ಕುಳಿತ. ಬೈಯುತ್ತಾನೆ, ಎದ್ದು ಹೊಡೆಯುತ್ತಾನೆ ಎಂದು ಕಾದೆ. ಹೊಡೆದರೆ ಸಾಕು ಎಂದು ಆಸೆಯಾಗಿತ್ತು.

‘ನಂಬರ್ ತಪ್ಪೂದು ದೊಡ್ಡ ಮಾತಲ್ಲ. ನನಗೂ ಅದನ್ನಽ ಕಲಿಸಿದ್ದ ಉಸ್ತಾದ, ನಾನೂ ನಾಕಽ ತರತಿದ್ದೆ’ ಎಂದ. ‘ಆದ್ರ ನಾ ನಿನಗ ಕೈ ಮುಗದ್ನೆಲ್ಲೋ. ಆವಾಗ ನೀ ಮೋಸಂಬಿ ಸುಲದ್ ಕೊಟ್ಟಿ.’

ಅವನ ಹೆಂಡತಿ ಒಳಗಿನಿಂದ ಚಹಾ ತಂದು ಇಬ್ಬರ ಮುಂದೆಯೂ ಇಟ್ಟಳು. ಅವನು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ.

‘ಸಾವ್ಕಾರ್ರಿಗೆ ಹೇಳು. ಪ್ಯಾಟ್ಯಾಗ ನಾಕ ಮಂದಿ ಮುಂದ ಹೇಳು. ಮತ್ತ ನನ್ನ ಕಡೆ ಬರಬ್ಯಾಡ’ ಎಂದ.

ಮರುದಿನ ಅಡತಿ ಅಂಗಡಿಯಲ್ಲಿ, ಬೆಲ್ಲ ತಂದ ರೈತರು ಕುಳಿತಿರುವಾಗಲೇ, ನಿಂತು ಹೇಳಿದೆ. ಅದು ಬೇರೆ ಮಾತು. ಅಂದು ಮಸಗುಪ್ಪಿಯಲ್ಲಿ ನಾನು ಎದ್ದು ಚಪ್ಪಲಿ ಮೆಟ್ಟಿ ಅಂಗಳ ದಾಟುವಾಗ ಒಮ್ಮೆ ತಿರುಗಿ ನೋಡಿದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಿಂದ ಅದರ ತೋರುಬೆರಳನ್ನು ಹಿಡಿದು, ಹಲ್ಲು ಕಚ್ಚಿ, ತುಸು ತುಸುವಾಗಿ ಮಡಚುತ್ತಿದ್ದ.